ಗಣಕ ಪ್ರಶ್ನೋತ್ತರ: ಸಾಲು ಮುರಿದದ್ದು ಪರದೆಯಲ್ಲೋ, ಕಡತದಲ್ಲೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ನೋಟ್‌ಪ್ಯಾಡ್‌ನಂಥ ಸಾದಾ ಪಠ್ಯದ ಎಡಿಟರುಗಳಲ್ಲಿ ಸಾಲು ಎಲ್ಲೆಲ್ಲೋ ತುಂಡಾಗುವುದು, ತುಂಡಾಗಬೇಕಾದಲ್ಲಿ ಆಗದಿರುವುದು. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡುವಾಗ ಪರದೆಯ ಅಂಚು ಬಂದ ಕೂಡಲೇ ಎಂಟರ್ ಒತ್ತುತ್ತಿದ್ದೆ. ಈಗ ಅದನ್ನು ವರ್ಡ್‌ಗೆ ಹಾಕಿದರೆ ಸಾಲುಗಳೆಲ್ಲ ಅರ್ಧಕ್ಕೇ ನಿಲ್ಲುತ್ತವೆ. ಬಹಳ ಪುಟಗಳಿವೆ. ಒಂದೊಂದೇ ಸಾಲು ಸರಿಮಾಡದೆ ಬೇರೆ ದಾರಿ ಉಂಟೆ?
— ಉಪನ್ಯಾಸಕಿ, ಹಾಸನ

ದಾರಿ ಇದೆ. ಅದಕ್ಕೆ ಮುಂಚೆ ಆದದ್ದೇನು ಎಂದು ನೋಡೋಣ. ಪರದೆಯ ಮೇಲೆ ಸಾಲು ಕೆಳಗಿಳಿಯುವುದು ಎರಡು ಬಗೆಯಲ್ಲಿ. ಎಂಟರ್ ಒತ್ತಿದರೆ ಕಡತದೊಳಗೇ ಒಂದು ಗುರುತು ಬೀಳುತ್ತದೆ, ಕಡತ ಎಲ್ಲಿಗೆ ಹೋದರೂ ಅದು ಜೊತೆಗೇ ಹೋಗುತ್ತದೆ. ಎಂಟರ್ ಒತ್ತದೆ ಬರೆಯುತ್ತ ಹೋದರೆ, ವರ್ಡ್ ರ್ಯಾಪ್ ಚಾಲೂ ಇದ್ದಾಗ, ಎಡಿಟರು ಕಿಟಕಿಯ ಅಗಲ ನೋಡಿ ಪದಗಳ ನಡುವಿನ ತೆರಪಿನಲ್ಲಿ ತಾನೇ ಸಾಲನ್ನು ಮಡಚಿ ತೋರಿಸುತ್ತದೆ. ಆಗ ಕಡತದಲ್ಲಿ ಏನೂ ಸೇರುವುದಿಲ್ಲ.

ಯಾವುದು ಯಾವುದೆಂದು ತಿಳಿಯಲು ಕಿಟಕಿಯ ಅಂಚು ಹಿಡಿದು ಅಗಲವನ್ನು ಕಡಿಮೆ ಮಾಡಿ. ಪಠ್ಯವೆಲ್ಲ ಹೊಸ ಅಗಲಕ್ಕೆ ನೀಟಾಗಿ ಹೊಂದಿಕೊಂಡರೆ ಅದು ರ್ಯಾಪ್. ಒಂದು ಸಾಲು ಪೂರ್ತಿ, ಮುಂದಿನದರಲ್ಲಿ ಎರಡೇ ಪದ, ಮತ್ತೆ ಪೂರ್ತಿ, ಮತ್ತೆ ಎರಡೇ ಪದ, ಹೀಗೆ ಕಂಡರೆ ಅಲ್ಲೆಲ್ಲ ಎಂಟರ್ ಕೂತಿದೆ ಎಂದರ್ಥ. ನಿಮ್ಮ ಕಡತ ಎರಡನೆಯ ಬಗೆಯದು.

ಕಡತದ ಒಂದು ನಕಲು ತೆಗೆದಿಟ್ಟುಕೊಂಡು ವರ್ಡ್‌ನಲ್ಲೇ ಸರಿಮಾಡಿ. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಬದಲಾವಣೆಯ ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ಪ್ಯಾರಾ ಮುಗಿತಾಯದ ಸಂಕೇತ ಎಂದರೆ ^ ಗುರುತು, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಸಣ್ಣ ಪಿ. ಕೀಲಿಮಣೆ ಇಂಗ್ಲಿಷಿಗೆ ಬದಲಾಗಿರಲಿ. ಕನ್ನಡದಲ್ಲೇ ಇದ್ದರೆ ಪಿ ಬದಲು ಕನ್ನಡ ಅಕ್ಷರ ಬಿದ್ದು ‘ಸಿಗಲಿಲ್ಲ’ ಎನ್ನುತ್ತದೆ. ಮೊದಲ ಸುತ್ತಿನಲ್ಲಿ ಈ ಸಂಕೇತವನ್ನು ಎರಡು ಸಲ ಒತ್ತೊತ್ತಾಗಿ ಹುಡುಕಿ, ಅದರ ಬದಲು ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲದ ಒಂದು ಗುರುತು ಹಾಕಿ, ಉದಾಹರಣೆಗೆ ##@@. ಪ್ಯಾರಾಗಳ ನಡುವೆ ನೀವು ಖಾಲಿ ಸಾಲು ಬಿಟ್ಟಿದ್ದರೆ ಆ ಜಾಗಗಳೆಲ್ಲ ಇದರಿಂದ ಉಳಿಯುತ್ತವೆ. ಎರಡನೆಯ ಸುತ್ತಿನಲ್ಲಿ ಸಂಕೇತವನ್ನು ಒಂದೇ ಸಲ ಹುಡುಕಿ, ಬದಲಿಗೆ ಒಂದು ಸ್ಪೇಸ್ ಕೊಡಿ. ಸ್ಪೇಸ್ ಕೊಡದೆ ಖಾಲಿ ಬಿಟ್ಟರೆ ‘ಮನೆಯ ಮುಂದೆ’ ಎಂಬುದು ‘ಮನೆಯಮುಂದೆ’ ಆಗುತ್ತದೆ, ಪುಸ್ತಕದುದ್ದಕ್ಕೂ ಹೀಗೆ ಅಂಟಿದ ಪದಗಳನ್ನು ಬಿಡಿಸುವುದು ಮೂಲ ಕೆಲಸಕ್ಕಿಂತ ದೊಡ್ಡದು. ಮೂರನೆಯ ಸುತ್ತಿನಲ್ಲಿ ##@@ ಹುಡುಕಿ ಒಂದು ಪ್ಯಾರಾ ಸಂಕೇತಕ್ಕೆ ಬದಲಿಸಿ. ಕೊನೆಗೆ ಎರಡು ಸ್ಪೇಸ್ ಇದ್ದಲ್ಲಿ ಒಂದು ಮಾಡಿ. ‘ಇನ್ನು ಸಿಗುವುದಿಲ್ಲ’ ಎನ್ನುವವರೆಗೆ ಇದನ್ನು ಮತ್ತೆ ಮತ್ತೆ ಮಾಡಬೇಕು.

ಇಲ್ಲಿ ಕೆಡುವ ಜಾಗ ಮೊದಲ ಸುತ್ತು. ಖಾಲಿ ಸಾಲಿನಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದ್ದರೂ ಎರಡು ಸಂಕೇತಗಳು ಒತ್ತೊತ್ತಾಗಿ ಇರುವುದಿಲ್ಲ, ಆ ಎರಡು ಪ್ಯಾರಾಗಳು ಒಂದಾಗಿಬಿಡುತ್ತವೆ. ಅದಕ್ಕೇ ಮೊದಲು ಕಡತವನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಬೇರೊಂದು ಎಡಿಟರಿನಲ್ಲಿ ತೆರೆದು, ಎಡಿಟ್ ಮೆನುವಿನ ಬ್ಲ್ಯಾಂಕ್ ಆಪರೇಷನ್ಸ್ ಒಳಗಿರುವ ‘ಟ್ರಿಮ್ ಟ್ರೇಲಿಂಗ್ ಸ್ಪೇಸ್’ ಒತ್ತಿ, ಸಾಲಿನ ಕೊನೆಯ ಸ್ಪೇಸುಗಳನ್ನು ಗುಡಿಸಿಹಾಕುವುದು ಒಳ್ಳೆಯದು. ಪ್ಯಾರಾಗಳ ನಡುವೆ ಖಾಲಿ ಸಾಲನ್ನೇ ಬಿಟ್ಟಿಲ್ಲವೆಂದರೆ ಯಂತ್ರಕ್ಕೆ ಪ್ಯಾರಾ ಗುರುತಿಸಲು ಆಧಾರವೇ ಇಲ್ಲ. ಆಗ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲೇ ಒಂದೊಂದು ಪ್ಯಾರಾ ಆಯ್ದು ಕಂಟ್ರೋಲ್ ಮತ್ತು ಜೆ ಒತ್ತಿ. ಆಯ್ದ ಸಾಲುಗಳು ನಡುವೆ ಸ್ಪೇಸ್ ಇಟ್ಟುಕೊಂಡು ಸೇರುತ್ತವೆ. ಲೇಖನದಲ್ಲಿ ಪದ್ಯಗಳಿದ್ದರೆ ಅವನ್ನು ಮೊದಲೇ ಬೇರೆ ಕಡತಕ್ಕೆ ಎತ್ತಿಡಿ. ಪದ್ಯದ ಸಾಲಿನ ಎಂಟರ್ ಕವಿ ಹಾಕಿದ್ದು, ಅದು ಉಳಿಯಲೇಬೇಕು.

ಮುಂದೆ ಬರೆಯುವಾಗ ರ್ಯಾಪ್ ಚಾಲೂ ಮಾಡಿಕೊಳ್ಳಿ. ವಿಂಡೋಸ್ 11ರ ನೋಟ್‌ಪ್ಯಾಡಿನಲ್ಲಿ ಅದು ವ್ಯೂ ಮೆನುವಿನಲ್ಲಿದೆ, ವಿಂಡೋಸ್ 10ರಲ್ಲಿ ಫಾರ್ಮ್ಯಾಟ್ ಮೆನುವಿನಲ್ಲಿ. ಎಂಟರ್ ಪ್ಯಾರಾ ಮುಗಿದಾಗ ಮಾತ್ರ.

ಲಿನಕ್ಸ್ ಬಳಸುವ ಗೆಳೆಯರು ಕಳಿಸಿದ ಕಡತ ನಮ್ಮ ಹಳೆಯ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಒಂದೇ ಉದ್ದ ಸಾಲಾಗಿ ತೆರೆಯುತ್ತದೆ. ಅವರಲ್ಲಿ ಸರಿಯಾಗಿದೆಯಂತೆ. ಕಡತ ಕೆಟ್ಟಿದೆಯೆ?
— ಗ್ರಂಥಾಲಯ ಸಿಬ್ಬಂದಿ, ಮೈಸೂರು

ಕಡತ ಚೆನ್ನಾಗಿಯೇ ಇದೆ. ಸಾಲು ಮುಗಿಯಿತು ಎಂದು ಹೇಳುವ ಗುರುತು ಎಲ್ಲ ಕಡೆ ಒಂದೇ ಅಲ್ಲ. ಅಕ್ಷರ, ಗುರುತುಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 13ನೆಯದು ಕ್ಯಾರೇಜ್ ರಿಟರ್ನ್, 10ನೆಯದು ಲೈನ್ ಫೀಡ್. ಟೆಲಿಪ್ರಿಂಟರುಗಳ ಕಾಲದಲ್ಲಿ ಮೊದಲನೆಯದು ಅಚ್ಚೊತ್ತುವ ಭಾಗವನ್ನು ಎಡತುದಿಗೆ ತರುತ್ತಿತ್ತು, ಎರಡನೆಯದು ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುತ್ತಿತ್ತು. ಹೊಸ ಸಾಲು ಬೇಕೆಂದರೆ ಎರಡೂ ಬೇಕು. ಡಾಸ್ ಮತ್ತು ಅದರ ಹಿಂದೆ ಬಂದ ವಿಂಡೋಸ್ ಈ ಜೋಡಿಯನ್ನು ಹಾಗೇ ಉಳಿಸಿಕೊಂಡವು. ಯುನಿಕ್ಸ್ ಲೈನ್ ಫೀಡ್ ಒಂದೇ ಸಾಕು ಎಂದಿತು. ಲಿನಕ್ಸ್ ಮತ್ತು ಈಗಿನ ಮ್ಯಾಕ್ ಅದೇ ದಾರಿಯವು. ಮ್ಯಾಕ್ ಓಎಸ್ 9ರವರೆಗಿನ ಹಳೆಯ ಮ್ಯಾಕ್‌ಗಳು ಮಾತ್ರ ಕ್ಯಾರೇಜ್ ರಿಟರ್ನ್ ಒಂದನ್ನೇ ಬಳಸುತ್ತಿದ್ದವು.

ಹಳೆಯ ನೋಟ್‌ಪ್ಯಾಡ್ ಜೋಡಿಯನ್ನು ಮಾತ್ರ ಗುರುತಿಸುತ್ತಿತ್ತು, ಒಂಟಿ ಲೈನ್ ಫೀಡ್ ಅದಕ್ಕೆ ಲೆಕ್ಕಕ್ಕಿಲ್ಲ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಅದು ಮೂರು ಬಗೆಯನ್ನೂ ಓದುತ್ತದೆ. ನಿಮ್ಮದು ಅದಕ್ಕಿಂತ ಹಿಂದಿನದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಎಡಿಟ್ ಮೆನುವಿನಲ್ಲಿ ಸಾಲಿನ ಕೊನೆಯ ಗುರುತು ಬದಲಿಸುವ ‘ಇಒಎಲ್ ಕನ್ವರ್ಷನ್’ನಲ್ಲಿ ವಿಂಡೋಸ್ ಆಯ್ದು ಉಳಿಸಿದರೆ ಹಳೆಯ ನೋಟ್‌ಪ್ಯಾಡಿನಲ್ಲೂ ಸಾಲುಸಾಲಾಗಿ ಕಾಣುತ್ತದೆ. ತಿದ್ದಿ ಗೆಳೆಯರಿಗೆ ವಾಪಸ್ ಕಳಿಸುವಾಗ ಅದೇ ಜಾಗದಲ್ಲಿ ಯುನಿಕ್ಸ್ ಆಯ್ದರೆ ಅವರಿಗೆ ಅನುಕೂಲ.

ವಿಂಡೋಸ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ ಸರ್ವರಿಗೆ ಹಾಕಿದರೆ ‘ಬ್ಯಾಡ್ ಇಂಟರ್‌ಪ್ರಿಟರ್’ ಎನ್ನುತ್ತದೆ. ಬ್ಯಾಶ್ ಇರುವ ಜಾಗ ಸರಿಯಾಗಿಯೇ ಬರೆದಿದ್ದೇನೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಮೇಲಿನ ಉತ್ತರದ್ದೇ ಇನ್ನೊಂದು ಮುಖ. ಶೆಲ್ ಸ್ಕ್ರಿಪ್ಟ್ ಎಂದರೆ ಆದೇಶಗಳ ಕಡತ, ಅದನ್ನು ಓದಿ ನಡೆಸುವ ಪ್ರೋಗ್ರಾಂ ಬ್ಯಾಶ್, ಅದರ ಹೆಸರು ಮೊದಲ ಸಾಲಿನಲ್ಲಿರುತ್ತದೆ. ಆ ಸಾಲಿನ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ ಉಳಿದಿದೆ. ಲಿನಕ್ಸ್ ಅದನ್ನು ಹೆಸರಿನ ಭಾಗ ಎಂದೇ ಓದಿ, ಬಾಲಕ್ಕೆ ಒಂದು ಕಾಣದ ಅಕ್ಷರ ಅಂಟಿದ ‘ಬ್ಯಾಶ್’ ಎಲ್ಲಿದೆ ಎಂದು ಹುಡುಕುತ್ತದೆ. ದೋಷದ ಸಂದೇಶದಲ್ಲಿ ಆ ಹೆಸರಿನ ಹಿಂದೆ ^ ಮತ್ತು ಎಂ ಕಂಡರೆ ಇದೇ ಕಾರಣ.

ವಿಎಸ್ ಕೋಡ್ ಎಡಿಟರ್ ಬಳಸುತ್ತಿದ್ದರೆ ಕಿಟಕಿಯ ಬಲಗಡೆ ಕೆಳಮೂಲೆಯಲ್ಲಿ ‘ಸಿಆರ್‌ಎಲ್‌ಎಫ್’ (ಕ್ಯಾರೇಜ್ ರಿಟರ್ನ್, ಲೈನ್ ಫೀಡ್ ಜೋಡಿ) ಎಂದು ಕಾಣುತ್ತದೆ. ಅದನ್ನು ಒತ್ತಿ ‘ಎಲ್‌ಎಫ್’ (ಲೈನ್ ಫೀಡ್ ಒಂದೇ) ಆಯ್ದುಕೊಳ್ಳಿ, ಆಮೇಲೆ ಕಡತವನ್ನು ಉಳಿಸಲು ಮರೆಯಬೇಡಿ. ಸರ್ವರಿನಲ್ಲೇ ಸರಿಮಾಡುವುದಾದರೆ ‘ಡಾಸ್ ಟು ಯುನಿಕ್ಸ್’ ಎಂಬ ಪುಟ್ಟ ಪ್ರೋಗ್ರಾಂ ಇದೆ, ನಡುವೆ 2 ಅಂಕಿ ಸೇರಿಸಿ ಒಂದೇ ಪದವಾಗಿ ಬರೆಯಬೇಕು. ಕಡತಗಳ ತಿದ್ದುಪಡಿಯ ಲೆಕ್ಕ ಇಡುವ ಗಿಟ್ ಬಳಸುವವರು ವಿಂಡೋಸ್‌ನಲ್ಲಿ ಕಡತ ಇಳಿಸಿಕೊಂಡಾಗ ಗಿಟ್ ತಾನಾಗಿ ಸಾಲಿನ ಕೊನೆ ಬದಲಿಸುವ ಸಾಧ್ಯತೆಯನ್ನೂ ನೆನಪಿಡಬೇಕು. ಗಿಟ್‌ಆಟ್ರಿಬ್ಯೂಟ್ಸ್ ಕಡತದಲ್ಲಿ ಶೆಲ್ ಸ್ಕ್ರಿಪ್ಟುಗಳಿಗೆ ‘ಇಒಎಲ್’ ಬೆಲೆ ‘ಎಲ್‌ಎಫ್’ ಎಂದು ಒಮ್ಮೆ ಬರೆದಿಟ್ಟರೆ ತಂಡದ ಯಾರ ಯಂತ್ರದಲ್ಲೂ ಅದು ಬದಲಾಗುವುದಿಲ್ಲ.

ನಾನು ಬರೆದ ಪ್ರೋಗ್ರಾಂ ಓಡಿಸಿದರೆ ಯಂತ್ರ ದೋಷ 40ನೇ ಸಾಲಿನಲ್ಲಿದೆ ಎನ್ನುತ್ತದೆ, ಎಣಿಸಿ ನೋಡಿದರೆ ಅಲ್ಲಿ ಏನೂ ಇಲ್ಲ.
— ವಿದ್ಯಾರ್ಥಿನಿ, ತುಮಕೂರು

ರ್ಯಾಪ್ ಆಗಿ ಮಡಚಿಕೊಂಡ ಸಾಲುಗಳನ್ನೂ ನೀವು ಎಣಿಸಿದ್ದೀರಿ. ಯಂತ್ರ ಎಣಿಸುವುದು ಎಂಟರ್ ಗುರುತುಗಳನ್ನು ಮಾತ್ರ. ಎಡಿಟರಿನ ಎಡಗಡೆ ಸಾಲಿನ ಸಂಖ್ಯೆ ತೋರುವಂತೆ ಮಾಡಿಕೊಳ್ಳಿ. ಮಡಚಿದ ಭಾಗದ ಪಕ್ಕ ಸಂಖ್ಯೆ ಇರುವುದಿಲ್ಲ. ವಿಎಸ್ ಕೋಡ್‌ನಲ್ಲಿ ಆಲ್ಟ್ ಮತ್ತು ಝಡ್ ಒತ್ತಿದರೆ ರ್ಯಾಪ್ ಹೋಗುತ್ತದೆ, ಮತ್ತೊಮ್ಮೆ ಒತ್ತಿದರೆ ಬರುತ್ತದೆ.

ಕನ್ನಡ ಪಠ್ಯವನ್ನು ಲಿನಕ್ಸಿನ ‘ಫೋಲ್ಡ್’ ಆದೇಶದಿಂದ 80 ಅಕ್ಷರಕ್ಕೊಂದು ಸಾಲಿನಂತೆ ಕತ್ತರಿಸಿದೆ. ಸಾಲುಗಳು ತೀರಾ ಮೋಟಾಗಿ ಬಂದವು, ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಇರುವ ಚೌಕಗಳೂ ಬಂದವು. ಇಂಗ್ಲಿಷಿಗೆ ಹೀಗಾಗುವುದಿಲ್ಲ.
— ಓದುಗರು, ಶಿವಮೊಗ್ಗ

ಬಹಳ ದಿನ ಬಳಕೆಯಲ್ಲಿದ್ದ ಫೋಲ್ಡ್ ಆವೃತ್ತಿಗಳು ಎಣಿಸುವುದು ಅಕ್ಷರಗಳನ್ನಲ್ಲ, ಕಡತದ ಗಾತ್ರ ಅಳೆಯುವ ಬೈಟುಗಳನ್ನು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಆದ್ದರಿಂದ ಅಲ್ಲಿ ಎರಡೂ ಒಂದೇ. ಕನ್ನಡ ಕಡತ ಉಳಿಸಲು ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕರ್ನಾಟಕ’ ಪದವನ್ನೇ ನೋಡಿ. ಓದುವಾಗ ಅಕ್ಷರ ನಾಲ್ಕು: ಕ, ರ್ನಾ, ಟ, ಕ. ಒಳಗಿರುವ ಸಂಕೇತಗಳು ಏಳು: ಕ, ರ, ವಿರಾಮದ ಗುರುತು, ನ, ದೀರ್ಘ, ಟ, ಕ. ಬೈಟು 21. ಈ ಪದವನ್ನು ಒಂದೊಂದು ಸ್ಪೇಸ್ ಬಿಟ್ಟು ಬರೆಯುತ್ತ ಹೋದರೆ ಮೂರು ಸಲ ಬರೆಯುವಷ್ಟಕ್ಕೆ 65 ಬೈಟ್ ಮುಗಿಯುತ್ತದೆ, ನಾಲ್ಕನೆಯದು 80ರ ಗಡಿ ದಾಟುತ್ತದೆ. ಸಾಲು ಮೋಟಾದದ್ದು ಹೀಗೆ. ಸ್ಪೇಸ್ ಇಲ್ಲದ ಕಡೆ 80ನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ, ಅಂದರೆ 27ನೆಯ ಸಂಕೇತದ ಎರಡು ಬೈಟ್ ಮೇಲಿನ ಸಾಲಿಗೆ, ಒಂದು ಕೆಳಗಿನ ಸಾಲಿಗೆ. ಆ ತುಣುಕುಗಳಿಗೆ ಅರ್ಥವಿಲ್ಲ, ಚೌಕಗಳು ಅವೇ.

ಬೈಟಿನ ಬದಲು ಸಂಕೇತ ಎಣಿಸಿದರೆ ಚೌಕಗಳು ಹೋಗುತ್ತವೆ, ಆದರೆ ಕೆಲಸ ಸರಿಯಾಗುವುದಿಲ್ಲ. ಮೂರನೆಯ ಸಂಕೇತದ ನಂತರ ಕತ್ತರಿಸಿದರೆ ಮೇಲಿನ ಸಾಲಿನಲ್ಲಿ ‘ಕರ್’, ಕೆಳಗಿನದರಲ್ಲಿ ‘ನಾಟಕ’! ಕನ್ನಡದಲ್ಲಿ ವ್ಯಂಜನ, ಒತ್ತು, ಗುಣಿತ ಎಲ್ಲ ಸೇರಿದ ಪೂರ್ತಿ ಅಕ್ಷರದ ನಡುವೆ ಸಾಲು ಮುರಿಯಲೇಬಾರದು, ಪದದ ನಡುವಿನ ಸ್ಪೇಸಿನಲ್ಲಿ ಮುರಿಯುವುದೇ ಕ್ಷೇಮ. ಫೋಲ್ಡ್‌ಗೆ ‘-ಎಸ್’ ಆಯ್ಕೆ ಕೊಟ್ಟರೆ ಸ್ಪೇಸಿನಲ್ಲಿ ಕತ್ತರಿಸುತ್ತದೆ. ಅಗಲವನ್ನು 80ರ ಬದಲು 200ರ ಸುಮಾರಿಗೆ ಕೊಟ್ಟರೆ ಸಾಲಿನ ಉದ್ದವೂ ಓದಲು ಒಪ್ಪುವಂತಿರುತ್ತದೆ.

ನಿಜ ಹೇಳಬೇಕೆಂದರೆ ಕನ್ನಡಕ್ಕೆ ಈ 80ರ ಲೆಕ್ಕವೇ ಒಗ್ಗುವುದಿಲ್ಲ. ಅದು 80 ಕಂಬಸಾಲಿನ ಪಂಚ್ ಕಾರ್ಡು, 80 ಅಕ್ಷರದ ಟರ್ಮಿನಲ್ಲುಗಳ ಕಾಲದ್ದು. ಪ್ರತಿ ಅಕ್ಷರಕ್ಕೂ ಒಂದೇ ಅಗಲ ಎಂಬ ಎಣಿಕೆಯ ಮೇಲೆ ನಿಂತಿದೆ. ನಮ್ಮ ‘ರ’ ಮತ್ತು ‘ಯೋ’ ಒಂದೇ ಅಗಲದಲ್ಲಿ ಕೂರುವುದಿಲ್ಲ. ಕನ್ನಡ ಕಡತವನ್ನು ಪ್ಯಾರಾಕ್ಕೊಂದು ಎಂಟರ್‌ನಂತೆ ಇಟ್ಟು, ಮಡಚುವ ಕೆಲಸವನ್ನು ಎಡಿಟರಿಗೆ ಬಿಡಿ. ತಿದ್ದುಪಡಿಗಳ ಲೆಕ್ಕ ಇಡಬೇಕಾದ ದೊಡ್ಡ ಕೆಲಸವಾದರೆ ವಾಕ್ಯಕ್ಕೊಂದು ಸಾಲು ಮಾಡಿ. ಯಾವ ವಾಕ್ಯ ಬದಲಾಯಿತೆಂದು ಹೋಲಿಸಿ ನೋಡಲು ಅದಕ್ಕಿಂತ ಸುಲಭ ಇಲ್ಲ. ವಿಮ್ ಎಡಿಟರ್ ಬಳಸುವವರು ‘ಲೈನ್‌ಬ್ರೇಕ್’ ಆಯ್ಕೆಯನ್ನೂ ಹಾಕಿಕೊಳ್ಳಿ. ಅದಿಲ್ಲದಿದ್ದರೆ ವಿಮ್ ಅಂಚು ಬಂದಲ್ಲಿ ಪದದ ನಡುವೆಯೇ ಮಡಚುತ್ತದೆ. ಮಡಚಿದ ಸಾಲುಗಳಲ್ಲಿ ಮೇಲೆ ಕೆಳಗೆ ಓಡಾಡಲು ಜೆ, ಕೆ ಕೀಲಿಗಳ ಮುಂಚೆ ಜಿ ಒತ್ತಬೇಕು.

ಕಾವ್ಯದ ಕಡತದಲ್ಲಿ ಪದ್ಯದ ಸಂಖ್ಯೆ ‘॥ 12 ॥’ ಮುರಿದು ಒಂದು ದಂಡ ಮಾತ್ರ ಕೆಳಗೆ ಬೀಳುತ್ತದೆ. ‘ಡಾ.’ ಒಂದು ಸಾಲಿನಲ್ಲಿ, ಹೆಸರು ಮುಂದಿನದರಲ್ಲಿ.
— ನಿವೃತ್ತ ಅಧ್ಯಾಪಕರು, ಉಡುಪಿ

ಅಲ್ಲಿ ಮಾಮೂಲಿ ಸ್ಪೇಸಿನ ಬದಲು ಮುರಿಯದ ಸ್ಪೇಸ್ ಹಾಕಿ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ಬಲಗಡೆಯ ಅಂಕಿ ಕೀಲಿಗಳಲ್ಲಿ 0160 ಒತ್ತಿ ಬಿಡಿ. ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಸ್ಪೇಸ್ ಒಟ್ಟಿಗೆ. ಮ್ಯಾಕ್‌ನಲ್ಲಿ ಆಪ್ಷನ್ ಮತ್ತು ಸ್ಪೇಸ್. ಸಂಖ್ಯೆಯ ಎರಡೂ ಪಕ್ಕ ಮಾತ್ರವಲ್ಲ, ಮೊದಲ ದಂಡದ ಹಿಂದೆ ಇರುವ ಸ್ಪೇಸನ್ನೂ ಬದಲಿಸಿ, ಇಲ್ಲವಾದರೆ ‘॥ 12 ॥’ ಇಡಿಯಾಗಿ ಕೆಳಗಿಳಿಯುತ್ತದೆ. ಒಂದು ತೊಂದರೆ ಇದೆ: ಮಾಮೂಲಿ ಸ್ಪೇಸ್ ಹಾಕಿ ಹುಡುಕಿದರೆ ಎಷ್ಟೋ ಎಡಿಟರುಗಳಿಗೆ ಈ ಜಾಗ ಸಿಗುವುದಿಲ್ಲ. ಆದ್ದರಿಂದ ಬರಹ ಪೂರ್ತಿ ತಿದ್ದಿ ಮುಗಿದ ಮೇಲೆ ಕೊನೆಯ ಹಂತದಲ್ಲಿ ಹಾಕುವುದು ಮೇಲು.

ಇದೇ ಸಾಲಿಗೆ ಸೇರುವ ಇನ್ನೊಂದು ಮಾತು. ‘ಸಾಫ್ಟ್‌ವೇರ್’ ಬರೆಯುವಾಗ ಟ್ ಕೆಳಗೆ ವ ಒತ್ತಾಗಿ ಕೂರದಿರಲಿ ಎಂದು ಅಗಲವಿಲ್ಲದ ಒಂದು ಗುರುತು ಹಾಕುತ್ತೇವೆ. ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು 200ಸಿ. ಅದರ ಪಕ್ಕದ 200ಬಿ ಕೂಡ ಅಗಲವಿಲ್ಲದ್ದೇ, ನೋಡಲು ಫಲಿತಾಂಶವೂ ಒಂದೇ, ಆದರೆ ‘ಇಲ್ಲಿ ಸಾಲು ಮುರಿಯಬಹುದು’ ಎಂಬುದು ಅದರ ಅರ್ಥ. ಎಲ್ಲಿಂದಲೋ ನಕಲು ಮಾಡಿದ ಪಠ್ಯದಲ್ಲಿ 200ಬಿ ಸೇರಿಕೊಂಡಿದ್ದರೆ ‘ಸಾಫ್ಟ್’ ಮೇಲೆ, ‘ವೇರ್’ ಕೆಳಗೆ ಆಗುವುದೂ ಉಂಟು, ಹುಡುಕಿದರೆ ಪದ ಸಿಗದಿರುವುದೂ ಉಂಟು. ಇಂಥ ಪದ ಕಂಡರೆ ಅಳಿಸಿ ಹೊಸದಾಗಿ ಟೈಪ್ ಮಾಡಿ.

ಮೂರು ತಾಲ್ಲೂಕುಗಳ ಹೆಸರಿನ ಪಟ್ಟಿಗಳನ್ನು ‘ಕ್ಯಾಟ್’ ಆದೇಶದಿಂದ ಒಂದು ಮಾಡಿದೆ. ಎರಡು ಕಡೆ ಇಬ್ಬರ ಹೆಸರು ಅಂಟಿಕೊಂಡಿದೆ.
— ದತ್ತಾಂಶ ನಮೂದಕರು, ಕಲಬುರಗಿ

ಮೊದಲ ಎರಡು ಪಟ್ಟಿಗಳ ಕೊನೆಯ ಹೆಸರಿನ ನಂತರ ಎಂಟರ್ ಇಲ್ಲ. ಕ್ಯಾಟ್ ತನ್ನ ಕಡೆಯಿಂದ ಏನನ್ನೂ ಸೇರಿಸುವುದಿಲ್ಲ, ಹಾಗಾಗಿ ಮುಂದಿನ ಪಟ್ಟಿಯ ಮೊದಲ ಹೆಸರು ಅಲ್ಲೇ ಅಂಟಿತು. ಯುನಿಕ್ಸ್ ಕಡೆಯ ಪ್ರೋಗ್ರಾಂಗಳು ಪ್ರತಿ ಸಾಲೂ, ಕೊನೆಯದೂ ಕೂಡ, ಲೈನ್ ಫೀಡಿನಿಂದ ಮುಗಿಯಬೇಕು ಎಂದು ಬಯಸುತ್ತವೆ. ಸಾಲು ಎಣಿಸುವ ‘ಡಬ್ಲ್ಯುಸಿ’ ಆದೇಶವೂ ಅದಿಲ್ಲದಿದ್ದರೆ ಒಂದು ಕಡಿಮೆ ಹೇಳುತ್ತದೆ. ಪ್ರತಿ ಪಟ್ಟಿ ತೆರೆದು ಕಂಟ್ರೋಲ್ ಮತ್ತು ಎಂಡ್ ಒತ್ತಿ. ಕರ್ಸರ್ ಹೆಸರಿನ ಬಾಲಕ್ಕೆ ನಿಂತರೆ ಒಂದು ಎಂಟರ್ ಹಾಕಿ, ಕೆಳಗಿನ ಖಾಲಿ ಸಾಲಿನಲ್ಲಿ ನಿಂತರೆ ಹಾಗೇ ಬಿಡಿ. ವಿಎಸ್ ಕೋಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಇನ್ಸರ್ಟ್ ಫೈನಲ್ ನ್ಯೂಲೈನ್’ ಗುರುತು ಹಾಕಿಟ್ಟರೆ ಉಳಿಸುವಾಗ ಅದೇ ಸೇರಿಸಿಕೊಳ್ಳುತ್ತದೆ.