ಹಂದಿ ಮಾಂಸ ಹಾಕದೆ ಅಮೆರಿಕದ ಸದರ್ನ್ (ದಕ್ಷಿಣದ) ಶೈಲಿಯ ಬ್ಲ್ಯಾಕ್ ಐಡ್ ಪೀಸ್ ಕಾಳು ಮಾಡಬೇಕು, ಹೊಗೆ ಹಿಡಿಸಿದ ಹಂದಿ ಮಾಂಸದ ಬದಲು ಯಾವ ವೀಗನ್ ಬೇಕನ್ ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ಅದರ ವಿಷಯ ಆಮೇಲೆ ಹೇಳುತ್ತೇನೆ. ನೀವು ಬೇಕನ್ ಕೇಳಿದ್ದೀರಿ, ಲಿಕ್ವಿಡ್ ಸ್ಮೋಕ್ ಕೇಳಿದ್ದೀರಿ, ಡಬ್ಬಿ ಕಾಳು ನಡೆಯುತ್ತಾ ಅಂತ ಕೇಳಿದ್ದೀರಿ, ಇನ್‌ಸ್ಟಂಟ್ ಪಾಟಾ (ಕರೆಂಟಿನ ಪ್ರೆಷರ್ ಕುಕ್ಕರ್) ಸಾದಾ ಪಾತ್ರೆಯಾ ಅಂತ ಕೇಳಿದ್ದೀರಿ. ವಿನೆಗರ್ ಯಾವಾಗ ಹಾಕಬೇಕು ಅಂತ ಮಾತ್ರ ಕೇಳಲೇ ಇಲ್ಲ. ನಾನೂ ಕೇಳಿರಲಿಲ್ಲ.

ನಾವು ಅಟ್ಲಾಂಟಾ ಪಕ್ಕದ ಡೆಕೇಟರ್‌ಗೆ ಬಂದ ಮೊದಲ ಚಳಿಗಾಲ ಅದು. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಆಫ್ರಿಕನ್ ಅಮೆರಿಕನ್, ಎಪ್ಪತ್ತು ದಾಟಿದವರು, ಹುಟ್ಟಿ ಬೆಳೆದಿದ್ದೆಲ್ಲ ಜಾರ್ಜಿಯಾದಲ್ಲೇ. ಜನವರಿ 1ಕ್ಕೆ ಊಟಕ್ಕೆ ಬನ್ನಿ ಅಂತ ಕರೆದರು. ಆ ದಿನ ಅಲ್ಲಿನ ಮನೆಗಳಲ್ಲಿ ಏನು ಅಡುಗೆ ಅಂತ ಯಾರೂ ಕೇಳುವುದಿಲ್ಲ, ನಮ್ಮಲ್ಲಿ ಯುಗಾದಿಗೆ ಒಬ್ಬಟ್ಟಾ ಅಂತ ಯಾರೂ ಕೇಳದ ಹಾಗೆ. ಬ್ಲ್ಯಾಕ್ ಐಡ್ ಪೀಸ್, ಕಾಲರ್ಡ್ ಸೊಪ್ಪು, ಕಾರ್ನ್‌ಬ್ರೆಡ್. ಕಾಳು ಅಂದರೆ ಚಿಲ್ಲರೆ ಕಾಸು, ಸೊಪ್ಪು ಅಂದರೆ ನೋಟು, ಮೆಕ್ಕೆಜೋಳದ ಬ್ರೆಡ್ ಅಂದರೆ ಚಿನ್ನ. ಈ ಮೂರನ್ನೂ ಉಂಡರೆ ವರ್ಷವಿಡೀ ದುಡ್ಡಿಗೆ ಕೊರತೆ ಇಲ್ಲ ಅನ್ನುವ ನಂಬಿಕೆ.

ನಾವು ಮಾಂಸ ತಿನ್ನುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅವರ ಮೊಮ್ಮಗಳು ವೀಗನ್, ಬೆಣ್ಣೆಯೂ ಮುಟ್ಟುವುದಿಲ್ಲ. "ಸೊಪ್ಪನ್ನು ಈ ಸಲ ಹಂದಿ ಮೂಳೆ ಹಾಕದೆ ಮಾಡುತ್ತೇನೆ. ಕಾಳು ನೀನು ಮಾಡಿಕೊಂಡು ಬಾ" ಅಂದರು. ಹಬ್ಬದ ಮುಖ್ಯ ಅಡುಗೆಯನ್ನು ಊರಿಗೆ ಹೊಸದಾಗಿ ಬಂದ ನನ್ನ ಕೈಗೆ ಕೊಟ್ಟಿದ್ದರು. ನನಗೆ ಅದರ ತೂಕ ಆಗ ತಿಳಿಯಲಿಲ್ಲ.

ನಾನು ಮಾಡಿದ್ದೇನು ಗೊತ್ತಾ? ನೀವು ಈಗ ಮಾಡುತ್ತಿರುವುದೇ. ಹದಿನೈದು ದಿನ ಹೊಗೆಯ ಹಿಂದೆ ಓಡಿದೆ. ಲಿಕ್ವಿಡ್ ಸ್ಮೋಕ್ ತಂದೆ. ಅದು ಮೋಸದ ವಸ್ತುವೇನಲ್ಲ, ಕಟ್ಟಿಗೆ ಸುಟ್ಟ ಹೊಗೆಯನ್ನು ತಣಿಸಿ ನೀರಿನಲ್ಲಿ ಹಿಡಿದದ್ದು. ಸೋಯಾದ ಬೇಕನ್ ತಂದೆ. ತೆಂಗಿನಕಾಯಿ ಚೂರಿನ ಬೇಕನ್ ಅಂತ ಒಂದಿತ್ತು, ಅದನ್ನೂ ತಂದೆ. ಹಂದಿ ಮಾಂಸ ಇಲ್ಲದ ಜಾಗವನ್ನು ತುಂಬುವುದೊಂದೇ ನನ್ನ ತಲೆಯಲ್ಲಿ. ಕಾಳಿನ ಬಗ್ಗೆ ಒಂದು ನಿಮಿಷವೂ ಯೋಚಿಸಲಿಲ್ಲ. ಕಾಳು ತಾನೇ, ಬೇಯುತ್ತೆ ಬಿಡು.

ಜನವರಿ 1ರ ಬೆಳಗ್ಗೆ 9 ಗಂಟೆಗೆ ಶುರು ಮಾಡಿದೆ. ಊಟ 1 ಗಂಟೆಗೆ. ರಾತ್ರಿಯೇ ನೆನೆಹಾಕಿದ್ದ ಕಾಳು, ಪಕ್ಕಾ 1 ಪೌಂಡ್, ಅಂದರೆ ಸುಮಾರು 450 ಗ್ರಾಂ. ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿ ಬಾಡಿಸಿದೆ. ಆಮೇಲೆ ಡಬ್ಬಿ ಟೊಮ್ಯಾಟೊ ಪೂರ್ತಿ ಸುರಿದೆ. ಕಾಲು ಕಪ್ ಆ್ಯಪಲ್ ಸೈಡರ್ ವಿನೆಗರ್ ಹಾಕಿದೆ. ಹುಳಿ ಚೆನ್ನಾಗಿ ಹಿಡಿಯಲಿ ಅಂತ ಮೊದಲೇ ಹಾಕಿದ್ದು. ಆಮೇಲೆ ಕಾಳು, ನೀರು, ಮುಚ್ಚಳ.

10 ಗಂಟೆಗೆ ನೋಡಿದೆ. ಗಟ್ಟಿ. 11ಕ್ಕೆ ನೋಡಿದೆ. ಗಟ್ಟಿ. ಹಲ್ಲಿಗೆ ಕಟುಂ ಅನ್ನುತ್ತಿತ್ತು. ಸಾರು ಮಾತ್ರ ಕೆಂಪಗೆ, ಘಮಘಮ. ಹೊಗೆ ವಾಸನೆ ಮನೆ ತುಂಬಾ. ಕಾಳು ಹಳೆಯದಿರಬೇಕು ಅಂತ ಅಂಗಡಿಯವನನ್ನು ಬೈದುಕೊಂಡೆ. ಪಾಪ, ಅವನದೇನೂ ತಪ್ಪಿಲ್ಲ.

ತಪ್ಪು ಏನು ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೂ ಓದಿ. ಕಾಳಿನ ಒಳಗಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಅನ್ನುವ ಅಂಟು. ಜಾಮ್ ಗಟ್ಟಿಯಾಗಿಸುವುದೂ ಅದೇ. ಬಿಸಿನೀರಿನಲ್ಲಿ ಆ ಅಂಟು ಬಿಟ್ಟುಕೊಂಡಾಗಲೇ ಕಾಳು ಮೆತ್ತಗಾಗುವುದು. ನೀರು ಹುಳಿಯಾಗಿದ್ದರೆ ಅಂಟು ಬಿಡಲು ಒಪ್ಪುವುದಿಲ್ಲ. ಇನ್ನೊಂದು ವಿಷಯ ಕೇಳಿ. ಅಮೆರಿಕದ ಡಬ್ಬಿಗಳಲ್ಲಿ ಬರುವ ಹೆಚ್ಚಿದ ಟೊಮ್ಯಾಟೊಗೆ ಹೋಳು ಕರಗದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ, ಡಬ್ಬಿಯ ಮೇಲೆ ಬರೆದಿರುತ್ತದೆ, ನೋಡಿ. ಕ್ಯಾಲ್ಸಿಯಂ ಆ ಪೆಕ್ಟಿನ್ ಅನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅಂದರೆ ನಾನು ಒಂದೇ ಪಾತ್ರೆಯಲ್ಲಿ ಒಂದು ಕೈಯಿಂದ ಬೇಯಿಸುತ್ತಿದ್ದೆ, ಇನ್ನೊಂದು ಕೈಯಿಂದ ಬೇಯದಂತೆ ತಡೆಯುತ್ತಿದ್ದೆ.

11.30ಕ್ಕೆ ಗಾಬರಿಯಾಗಿ ಅಡುಗೆ ಸೋಡಾ ಹಾಕಿದೆ. ಒಂದು ಚಮಚ ಪೂರ್ತಿ. ವಿನೆಗರ್‌ಗೆ ಸೋಡಾ ಬಿದ್ದರೆ ಏನಾಗುತ್ತೆ ಅಂತ ಶಾಲೆಯಲ್ಲೇ ಓದಿದ್ದೆವು ಅಲ್ವಾ. ನೊರೆ ಉಕ್ಕಿ ಒಲೆಯೆಲ್ಲ ಕೆಂಪಾಯಿತು. ಆಮೇಲೆ ಇನ್ನೊಂದು ಚಮಚ ಹಾಕಿದೆ. ಈಗ ಸಿಪ್ಪೆ ಕಳಚಿಕೊಂಡು ತೇಲತೊಡಗಿತು, ಸಾರು ಸೋಪಿನ ನೀರಿನ ರುಚಿ ಬಂತು. ಕಾಳಿನ ನಡುವೆ ಇನ್ನೂ ಗರಗರ. 12.30ಕ್ಕೆ ಹೆಂಡತಿ ಬಂದು ಒಂದು ಕಾಳು ಬಾಯಿಗೆ ಹಾಕಿಕೊಂಡು, ಏನೂ ಹೇಳದೆ ಸಿಂಕಿನ ಹತ್ತಿರ ಹೋದಳು.

ಖಾಲಿ ಕೈಯಲ್ಲಿ ಹೋದೆವು. ಅಜ್ಜಿ ಮಾತನಾಡದೆ ಕಪಾಟಿನಿಂದ ಎರಡು ಡಬ್ಬಿ ಕಾಳು ತೆಗೆದರು. ಅದನ್ನು ತಿರುಗಿಸಿ ನೋಡಿದ ಮೊಮ್ಮಗಳು ಸುಮ್ಮನೆ ಮೇಜಿನ ಮೇಲಿಟ್ಟಳು. ಅದರಲ್ಲಿ ಬೇಕನ್ ಇತ್ತು. (ಇದು ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ: ಡಬ್ಬಿ ಕಾಳು ನಡೆಯುತ್ತದೆ, ಆದರೆ 'ಸದರ್ನ್ ಸ್ಟೈಲ್' ಅಂತ ಬರೆದಿದ್ದರೆ ಹಿಂದಿನ ಸಣ್ಣ ಅಕ್ಷರ ಓದಿ. ಸಾಸ್‌ಗಳಲ್ಲೂ ಅಷ್ಟೇ. ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ.) ಆ ವರ್ಷ ನಾನು, ಹೆಂಡತಿ, ಆ ಮೊಮ್ಮಗಳು ಮೂವರೂ ಹೊಸ ವರ್ಷಕ್ಕೆ ಸೊಪ್ಪು ಅನ್ನ ಉಂಡೆವು. ನಮಗಾಗಿ ಆ ಅಜ್ಜಿ ಅಷ್ಟು ವರ್ಷದ ರೂಢಿ ಬಿಟ್ಟು ಸೊಪ್ಪು ಬೇಯಿಸಿದ್ದರು. ನನ್ನಿಂದ ಒಂದು ಪಾತ್ರೆ ಕಾಳು ಆಗಲಿಲ್ಲ.

ಊಟದ ಮಧ್ಯೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ವಿನೆಗರ್ ಯಾವಾಗ ಹಾಕಿದೆ, ಕಂದಾ?" ಮೇಜಿನ ಮೇಲೆ ಒಂದು ಸಣ್ಣ ಗಾಜಿನ ಸೀಸೆ ಇತ್ತು. ತುಂಬಾ ಹಸಿಮೆಣಸಿನಕಾಯಿ, ಅದರ ಮೇಲೆ ವಿನೆಗರ್. ಪೆಪ್ಪರ್ ಸಾಸ್ ಅನ್ನುತ್ತಾರೆ. ಅದನ್ನು ನನ್ನ ಕಡೆ ತಳ್ಳಿದರು. ಹುಳಿ ಇರುವುದು ತಟ್ಟೆಗೆ, ಪಾತ್ರೆಗಲ್ಲ ಅಂತ ಆ ಸೀಸೆಯೇ ಹೇಳುತ್ತಿತ್ತು.

ರಾತ್ರಿ ಹಾಸನಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅವರು ನಗಲೂ ಇಲ್ಲ. "ಕಾಳು ಬೇಯೋಕೆ ಮುಂಚೆ ಯಾರಾದ್ರೂ ಹುಳಿ ಹಾಕ್ತಾರೇನೋ?" ಅಂದರು. ನೋಡಿ, ನನಗೆ ಉರಿದದ್ದು ಇಲ್ಲಿ. ಬೇಳೆ ಬೆಂದ ಮೇಲೆ ಹುಣಸೆಹುಳಿ ಅನ್ನುವುದು ನಾನು ಹುಟ್ಟಿದಾಗಿನಿಂದ ನೋಡಿದ ವಿಷಯ. ಸಾರಿಗೆ ಮೊದಲೇ ಹುಳಿ ಎಂದೂ ಹಾಕಿಲ್ಲ. ಆದರೆ ಪೊಟ್ಟಣದ ಮೇಲೆ 'ಬ್ಲ್ಯಾಕ್ ಐಡ್ ಪೀಸ್' ಅಂತ ಬರೆದಿದ್ದಕ್ಕೆ ಅದು ಬೇರೆ ಲೋಕದ ಕಾಳು ಅಂದುಕೊಂಡೆ. ಅದು ಅಲಸಂದೆ ಕಾಳು ಸ್ವಾಮಿ! ನಮ್ಮ ಕಡೆ ಕೆಲವರು ತಡಣಿ ಅನ್ನುತ್ತಾರೆ. ಡೆಕೇಟರ್‌ನ ಇಂಡಿಯನ್ ಅಂಗಡಿಯಲ್ಲಿ ಲೋಬಿಯಾ ಅಂತ ಬರೆದಿರುತ್ತದೆ. ಅಷ್ಟೇ ವ್ಯತ್ಯಾಸ.

ಅದಕ್ಕೇ ಹೇಳಿದ್ದು, ಬೇಕನ್ ಕೊಳ್ಳಬೇಡಿ. ಈ ಅಡುಗೆಯ ನಾಯಕ ಕಾಳು, ಹಂದಿಯಲ್ಲ. ಅಲಸಂದೆ ಆಫ್ರಿಕಾದ ಬೆಳೆ. ಗುಲಾಮರನ್ನು ತುಂಬಿ ತಂದ ಹಡಗುಗಳ ಕಾಲದಲ್ಲಿ ಅಮೆರಿಕಕ್ಕೆ ಬಂತು. ನಮ್ಮ ದೇಶಕ್ಕೂ ಅದು ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದಲೇ ಬಂದದ್ದು. ನೈಜೀರಿಯಾದಲ್ಲಿ ಇದನ್ನೇ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಎಣ್ಣೆಯಲ್ಲಿ ಕರಿದು ಅಕರಾ ಮಾಡುತ್ತಾರೆ. ನೋಡಿದರೆ ನಮ್ಮ ವಡೆ. ಅಜ್ಜಿಯ ಅಪ್ಪ ಹತ್ತಿ ಬೆಳೆಯುತ್ತಿದ್ದವರು, ಸೊರಗಿದ ನೆಲಕ್ಕೆ ಈ ಕಾಳು ಬಿತ್ತುತ್ತಿದ್ದರಂತೆ. ಅಲಬಾಮಾದ ಟಸ್ಕೀಗಿಯಲ್ಲಿ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕಪ್ಪು ರೈತರಿಗೆ ಹೇಳಿಕೊಟ್ಟದ್ದೂ ಅದನ್ನೇ. ಬಡವರ ಪಾತ್ರೆಗೆ ಬೀಳುತ್ತಿದ್ದ ಮಾಂಸ ಅಂದರೆ ರುಚಿಗೆ ಒಂದು ಮೂಳೆ, ಒಂದು ಕೊಬ್ಬಿನ ತುಂಡು. ಅದನ್ನು ನಕಲು ಮಾಡಲು ಎಂಟು ಡಾಲರಿನ ಸೋಯಾ ಪಟ್ಟಿ ಯಾಕೆ? ಅದು ಸಾರಿನಲ್ಲಿ ಬಿದ್ದು ಒದ್ದೆ ರಟ್ಟಿನ ಹಾಗಾಗುತ್ತದೆ.

ಈಗ ನಾನು ಮಾಡುವುದು ಹೀಗೆ. 1 ಪೌಂಡ್ ಕಾಳನ್ನು ಒಂದು ಚಮಚ ಉಪ್ಪು ಹಾಕಿದ ನೀರಿನಲ್ಲಿ ರಾತ್ರಿ ನೆನೆಸುತ್ತೇನೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುತ್ತಾರಲ್ಲ, ನಂಬಬೇಡಿ. ಉಪ್ಪುನೀರಿನಲ್ಲಿ ನೆಂದರೆ ಸಿಪ್ಪೆ ಮೆತ್ತಗಾಗುತ್ತದೆ. ತಡೆಯುವುದು ಹುಳಿ, ಉಪ್ಪಲ್ಲ. ನೆನೆಸಲು ಮರೆತರೂ ಪರವಾಗಿಲ್ಲ, ತೆಳು ಸಿಪ್ಪೆಯ ಕಾಳು, ಒಂದು ಗಂಟೆ ಚಿಲ್ಲರೆಯಲ್ಲಿ ಬೇಯುತ್ತದೆ. ಅಲ್ಲಿನವರು ಎಷ್ಟೋ ಜನ ನೆನೆಸುವುದೇ ಇಲ್ಲ.

ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಎರಡು ಈರುಳ್ಳಿ. ಅವಸರ ಮಾಡಬೇಡಿ. ಸಣ್ಣ ಉರಿಯಲ್ಲಿ 20 ನಿಮಿಷ, ಬೆಲ್ಲದ ಬಣ್ಣ ಬರುವ ತನಕ. ನೀವು ಬೇಕನ್‌ನಲ್ಲಿ ಹುಡುಕುತ್ತಿರುವ ಅರ್ಧ ರುಚಿ ಇದೇ. ಆಮೇಲೆ ಮೂರು ಕಡ್ಡಿ ಸೆಲರಿ, ಒಂದು ದೊಣ್ಣೆ ಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ. ಇವು ಬಾಡಿದ ಮೇಲೆ ಒಂದು ಚಮಚ ಸ್ಮೋಕ್ಡ್ ಪ್ಯಾಪ್ರಿಕಾ. ಸ್ಪೇನಿನಲ್ಲಿ ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ ಅದು. ಬ್ಯಾಡಗಿ ಪುಡಿ ಹಾಕಿದರೆ ಬಣ್ಣ ಬರುತ್ತದೆ, ಹೊಗೆ ಬರುವುದಿಲ್ಲ. ಪ್ಯಾಪ್ರಿಕಾ ಎಣ್ಣೆಯಲ್ಲಿ ಬೇಗ ಸೀದುಹೋಗುತ್ತದೆ, ಅದಕ್ಕೆ ಹಾಕಿದ ತಕ್ಷಣ ಕಾಳು ಮತ್ತು ಆರು ಕಪ್ ನೀರು. ಎರಡು ಬಿರಿಯಾನಿ ಎಲೆ, ಅರ್ಧ ಚಮಚ ಒಣ ಥೈಮ್, ಒಂದು ಚಮಚ ಸೋಯಾ ಸಾಸ್. ಹಂದಿ ಮೂಳೆ ಕೊಡುತ್ತಿದ್ದ ಉಪ್ಪಿನ ಆಳವನ್ನು ಸೋಯಾ ಸಾಸ್ ಕೊಡುತ್ತದೆ. ಲಿಕ್ವಿಡ್ ಸ್ಮೋಕ್ ಕೊಂಡಾಗಿದ್ದರೆ ಕಾಲು ಚಮಚ, ಅದಕ್ಕಿಂತ ಜಾಸ್ತಿ ಬೇಡ. ಬೂದಿ ನೆಕ್ಕಿದ ಹಾಗಾಗುತ್ತದೆ.

ಪಾತ್ರೆ ವಿಷಯ. ಕುಕ್ಕರ್, ಇನ್‌ಸ್ಟಂಟ್ ಪಾಟ್ ಎರಡೂ ನನ್ನ ಮನೆಯಲ್ಲಿವೆ. ಇದಕ್ಕೆ ನಾನು ಬಳಸುವುದಿಲ್ಲ. ನೆನೆದ ಅಲಸಂದೆ ಒಂದು ವಿಷಲ್‌ಗೆ ಬೇಯುತ್ತದೆ, ಎರಡನೆಯದಕ್ಕೆ ಮುದ್ದೆ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ 40-45 ನಿಮಿಷ ಇಡಿ. ಬೆಂದ ಮೇಲೆ ಒಂದು ಸೌಟು ಕಾಳನ್ನು ಪಾತ್ರೆಯ ಬದಿಗೆ ಒತ್ತಿ ಹಿಚುಕಿ, ಸಾರು ಗಟ್ಟಿಯಾಗುತ್ತದೆ. ಈ ಸಾರಿಗೆ ಅಲ್ಲಿ ಪಾಟ್ ಲಿಕ್ಕರ್ ಅಂತ ಮರ್ಯಾದೆಯ ಹೆಸರಿದೆ. ನಮ್ಮ ಬಸ್ಸಾರಿನ ಕಟ್ಟು ನೆನೆಸಿಕೊಳ್ಳಿ, ಕಾಳು ಸೊಪ್ಪು ಬೇಯಿಸಿ ಬಸಿದ ನೀರು. ಅದನ್ನು ಚೆಲ್ಲುವವನನ್ನು ಎರಡೂ ಊರಿನಲ್ಲಿ ಮನೆಗೆ ಸೇರಿಸುವುದಿಲ್ಲ.

ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿ. ನಡುವೆ ಗರಗರ ಇಲ್ಲದಿದ್ದರೆ, ಆಗ, ಆಗ ಮಾತ್ರ, ಒಂದು ದೊಡ್ಡ ಚಮಚ ವಿನೆಗರ್. ಟೊಮ್ಯಾಟೊ ಬೇಕೇ ಬೇಕು ಅಂದರೆ ಅದೂ ಆಗಲೇ. ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಬೇಕು ಅನ್ನಿಸುತ್ತದೆ, ಇಂಗಿನ ಡಬ್ಬಿಗೆ ಕೈ ಹೋಗುತ್ತದೆ, ಗೊತ್ತು. ತಡೆದುಕೊಳ್ಳಿ. ಒಗ್ಗರಣೆ ಬಿದ್ದರೆ ಅದು ಉಸ್ಲಿ. ಉಸ್ಲಿ ಒಳ್ಳೆಯದೇ, ಆದರೆ ನೀವು ಮಾಡಹೊರಟಿದ್ದು ಅದನ್ನಲ್ಲ. ಬಿಳಿ ಅನ್ನದ ಮೇಲೆ ಬಡಿಸಿ, ಪಕ್ಕದಲ್ಲಿ ಪೆಪ್ಪರ್ ಸಾಸ್ ಸೀಸೆ ಇಡಿ.

ಮುಂದಿನ ವರ್ಷ ಜನವರಿ 1ಕ್ಕೆ ಮತ್ತೆ ಕಾಳು ನನಗೇ ವಹಿಸಿದರು. ಅಜ್ಜಿ ಒಂದು ಚಮಚ ತಿಂದು, ತಮ್ಮ ತಟ್ಟೆಗೆ ಇನ್ನೊಂದು ಸೌಟು ಹಾಕಿಕೊಂಡರು. ಹೊಗೆ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಮರುದಿನ ನಾನು ಒಗ್ಗರಣೆ ಕೊಟ್ಟು ಮುದ್ದೆಗೆ ಹಾಕಿಕೊಂಡೆ.