ಖಾಲಿಯಲ್ಲದ ಎಂಟು ವರ್ಷ

ಶಿವಮೊಗ್ಗದ ಓದುಗರೊಬ್ಬರು ನಮ್ಮ ಮೇಲೆ ಮುನಿದಿದ್ದಾರೆ. ಎಸ್ಟೋನಿಯಾದ ಸಂಗೀತ ಸಂಯೋಜಕ ಆರ್ವೊ ಪ್ಯಾರ್ಟ್ ಅವರನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದು ಅತಿಯಾಯಿತು, ಅವರ ವೃಂದಗಾನದಲ್ಲಿ ನಾಲ್ಕಾರು ಸ್ವರಗಳೇ ಮರಳಿ ಮರಳಿ ಬರುತ್ತವೆ, ಅದೂ ಅಲ್ಲದೆ ಬರೆಯುವ ವಯಸ್ಸಿನಲ್ಲಿ ಎಂಟು ವರ್ಷ ಸುಮ್ಮನಿದ್ದವರು ದೊಡ್ಡವರು ಹೇಗಾದರು ಎಂಬುದು ಅವರ ಪ್ರಶ್ನೆ.

ಸ್ವರಗಳು ಕೆಲವೇ ಎಂಬುದು ನಿಜ. ಕೆಲವು ಕೃತಿಗಳು ಒಂದನ್ನೊಂದು ಹೋಲುತ್ತವೆ ಎಂದೂ ಒಪ್ಪುತ್ತೇನೆ. ಆದರೆ ಇಷ್ಟು ಶ್ರದ್ಧೆಯಿಂದ ಕೇಳಿ ಬರೆದಿರುವ ತಾವೇ ಆ ವರ್ಷಗಳನ್ನು ಖಾಲಿ ಎಂದು ಎಣಿಸಿದ್ದು ನನಗೆ ನೋವು ತಂದಿತು.

1935ರಲ್ಲಿ ಹುಟ್ಟಿದ ಪ್ಯಾರ್ಟ್ ಬೆಳೆದದ್ದು ರಕ್ವೆರೆ ಪಟ್ಟಣದಲ್ಲಿ. ಮನೆಯ ಪಿಯಾನೊದ ನಡುಭಾಗ ಹಾಳಾಗಿತ್ತು. ತೀರ ಮೇಲಿನ ಮತ್ತು ತೀರ ಕೆಳಗಿನ ಸ್ವರಗಳಷ್ಟೇ ಹುಡುಗನ ಕೈಗೆ ಸಿಕ್ಕವು. ಪೇಟೆಯ ಚೌಕದ ಧ್ವನಿವರ್ಧಕದಲ್ಲಿ ರೇಡಿಯೊ ಸಂಗೀತ ಬರುವಾಗ ಅವನು ಸೈಕಲ್ಲೇರಿ ಚೌಕವನ್ನು ಸುತ್ತುತ್ತ ಕೇಳುತ್ತಿದ್ದ. ಆ ಕಿವಿಯೇ ಮುಂದೆ ಕೆಲಸಕ್ಕೆ ಬಂತು. 1968ರ ‘ಕ್ರೆಡೊ’ ಎಂಬ ಕೃತಿಯಲ್ಲಿ ಕ್ರಿಸ್ತನಲ್ಲಿ ನಂಬಿಕೆಯಿದೆ ಎಂದು ಬಹಿರಂಗವಾಗಿ ಹಾಡಿಸಿದ್ದು, ಆಗ ಎಸ್ಟೋನಿಯಾವನ್ನು ಆಳುತ್ತಿದ್ದ ಸೋವಿಯತ್ ಅಧಿಕಾರಿಗಳನ್ನು ಕೆರಳಿಸಿತು. ಆಮೇಲಿನ ಆ ಎಂಟು ವರ್ಷಗಳಲ್ಲಿ ಹೊಟ್ಟೆಪಾಡಿಗೆ ಸಿನಿಮಾ ಸಂಗೀತ, 1971ರಲ್ಲಿ ಮೂರನೆಯ ಸಿಂಫನಿ. ಮಿಕ್ಕಂತೆ ಗ್ರೆಗೊರಿಯನ್ ಪಠಣದ, ಎಂದರೆ ಹಳೆಯ ಚರ್ಚುಗಳ ಲ್ಯಾಟಿನ್ ಪ್ರಾರ್ಥನಾಗಾನದ ಮುಂದೆ ವಿದ್ಯಾರ್ಥಿಯಾಗಿ ಕುಳಿತು, ಒಂದೇ ಎಳೆಯ ರಾಗಗಳನ್ನು ಬರೆದು ಬರೆದು ಪುಸ್ತಕಗಳನ್ನು ತುಂಬಿಸಿದರು. 1976ರಲ್ಲಿ ಹೊರಬಂದದ್ದು ‘ಫ್ಯೂರ್ ಅಲೀನಾ’ ಎಂಬ ಪುಟ್ಟ ಪಿಯಾನೊ ಕೃತಿ. ಅದರೊಂದಿಗೆ ಹುಟ್ಟಿದ ಪದ್ಧತಿಗೆ ಅವರು ಬಾರಿಸುವ ಗಂಟೆಗಳ ನಾದದ ನೆನಪಿನಲ್ಲಿ ‘ಟಿಂಟಿನ್ನಾಬುಲಿ’ ಎಂದು ಹೆಸರಿಟ್ಟರು: ಒಂದು ದನಿ ಪಕ್ಕದ ಸ್ವರಕ್ಕೆ ಹೆಜ್ಜೆಯಿಡುತ್ತ ನಡೆಯುತ್ತದೆ, ಜೊತೆಯ ದನಿ ಮೂರು ಸ್ವರಗಳ ಗೊಂಚಲನ್ನು ಬಿಟ್ಟು ಕದಲುವುದಿಲ್ಲ.

ಕ್ರಿಸ್ತನ ಯಾತನೆ ಮತ್ತು ಮರಣವನ್ನು ಹಾಡುವ 1982ರ ‘ಪಾಸಿಯೊ’ದಲ್ಲಿ ಈ ಪದ್ಧತಿ ಬೈಬಲಿನ ಯೋಹಾನನ ಸುವಾರ್ತೆಯ ಲ್ಯಾಟಿನ್ ಪಠ್ಯವನ್ನು ಹೊತ್ತಿದೆ. ಪದಕ್ಕೆ ಅಕ್ಷರಗಳೆಷ್ಟು, ವಾಕ್ಯ ನಿಂತದ್ದು ಅಲ್ಪವಿರಾಮದಲ್ಲೋ ಪೂರ್ಣವಿರಾಮದಲ್ಲೋ ಎಂಬುದನ್ನು ನೋಡಿಯೇ ರಾಗದ ನಡೆ, ಸ್ವರದ ಉದ್ದ ತೀರ್ಮಾನವಾಗುತ್ತವೆ. ಮಾತ್ರೆ ಎಣಿಸಿ ಪದ್ಯ ಕಲಿತ ನಮಗೆ ಇದು ಬೇರೆಯವರ ವಿದ್ಯೆ ಎನಿಸಬಾರದು. 1980ರಲ್ಲಿ ದೇಶ ಬಿಟ್ಟು ವಿಯೆನ್ನಾಕ್ಕೆ, ಅಲ್ಲಿಂದ ಬರ್ಲಿನ್ನಿಗೆ ಹೋದ ಮೇಲೂ ಅವರು ಅವಸರಪಡಲಿಲ್ಲ. ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹಾಡುವ ‘ಕಾನೊನ್ ಪೊಕಯಾನೆನ್’ ಎಂಬ ವೃಂದಗಾನ ಒಂದಕ್ಕೇ ಎರಡು ವರ್ಷ ಕೊಟ್ಟರು.

ನಮ್ಮಲ್ಲಾದರೋ ದೀಪಾವಳಿ ವಿಶೇಷಾಂಕಕ್ಕೆ ಕವಿತೆ ಕಳಿಸದ ಕವಿಯನ್ನು ಮರುವರ್ಷವೇ ಬತ್ತಿಹೋದರು ಎನ್ನುತ್ತೇವೆ. ಹೀಗೆ ಕಾಡಿ ಬೇಡಿ ಬರೆಸಿಕೊಂಡ ಎಷ್ಟೋ ಕವಿತೆಗಳು ಇನ್ನೆರಡು ವರ್ಷ ಕವಿಯ ಬಳಿಯೇ ಇರಬೇಕಿತ್ತು.

ತಾವು ‘ಪಾಸಿಯೊ’ವನ್ನು ಒಮ್ಮೆ ಪೂರ್ತಿ ಕೇಳಬೇಕು. ಒಂದು ಗಂಟೆಗೂ ಮೀರಿ ತಗ್ಗಿದ ದನಿಯಲ್ಲೇ ನಡೆದ ಗಾನ, ಕ್ರಿಸ್ತನ ಪ್ರಾಣ ಹೋದ ಮೇಲೆ, ಕೊನೆಯ ಪ್ರಾರ್ಥನೆಯಲ್ಲಿ ಬೆಳಕು ತುಂಬಿದಂತೆ ಕೇಳುವ ಮೇಜರ್ ಸ್ವರಮೇಳಕ್ಕೆ ತೆರೆದುಕೊಂಡು ‘ಆಮೆನ್’ ಎನ್ನುತ್ತದೆ.