ಗರ್ಭಿಣಿಗೆ ಹೆಪಟೈಟಿಸ್ ಬಿ ಇದ್ದರೆ ಅವಳ ಮನಸ್ಸಿಗೆ ಧೈರ್ಯ ತುಂಬುವುದು ಹೇಗೆ?

ನಿಮ್ಮ ತಂಗಿಗೆ ಐದು ತಿಂಗಳು, ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಇದೆ ಅಂತ ಗೊತ್ತಾದ ಮೇಲೆ ಸೋಮವಾರಪೇಟೆ ಹತ್ತಿರದ ತೋಟದ ಲೈನ್ ಮನೆಯಲ್ಲಿ ಯಾರ ಹತ್ತಿರವೂ ಮಾತಾಡದೆ ಕೂತಿರುತ್ತಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಮನೆಯಲ್ಲಿ ಅವಳ ತಟ್ಟೆ ಲೋಟ ಬೇರೆ ಇಟ್ಟಿದ್ದರೆ ಇವತ್ತೇ ನಿಲ್ಲಿಸಿ. ಒಟ್ಟಿಗೆ ಉಂಡರೆ, ಅಪ್ಪಿಕೊಂಡರೆ ಇದು ಹರಡುವುದಿಲ್ಲ. ಕಾಯಿಲೆಗಿಂತ ಆ ಬೇರೆ ತಟ್ಟೆಯೇ ಅವಳನ್ನು ಜಾಸ್ತಿ ಕುಗ್ಗಿಸುತ್ತದೆ, ಅಲ್ವಾ? ಆದರೆ ಗಂಡನಿಗೆ ತಪ್ಪದೆ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲದಿದ್ದರೆ ಲಸಿಕೆ ಹಾಕಿಸಿ.

ಅವಳಿಗೆ ದೊಡ್ಡ ಭಯ ಮಗುವಿನದೇ ಇರಬೇಕು. ಸುಮ್ನೆ 'ಏನೂ ಆಗಲ್ಲ' ಅನ್ನಬೇಡಿ, ವಿಷಯ ಬಿಡಿಸಿ ಹೇಳಿ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲೊಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳು) ಚುಚ್ಚುಮದ್ದು ಕೊಟ್ಟು, ಮುಂದಿನ ಡೋಸ್‌ಗಳನ್ನೂ ಹಾಕಿಸಿದರೆ ಹೆಚ್ಚಿನ ಮಕ್ಕಳಿಗೆ ಸೋಂಕು ತಗಲುವುದಿಲ್ಲ. ರಕ್ತದಲ್ಲಿ ವೈರಸ್ ಪ್ರಮಾಣ ಜಾಸ್ತಿ ಇದ್ದರೆ ಏಳನೇ ತಿಂಗಳ ಹೊತ್ತಿಗೆ ಡಾಕ್ಟರು ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಶುರು ಮಾಡುತ್ತಾರೆ. ಎದೆಹಾಲು ಕೊಡಬಹುದು. ಕೊಡಗಿನ ಮಳೆಗಾಲದಲ್ಲಿ ರಸ್ತೆ ಯಾವಾಗ ಕೈಕೊಡುತ್ತದೋ ಹೇಳಲಾಗದು, ಹಾಗಾಗಿ ಹೆರಿಗೆಗೆ ಮಡಿಕೇರಿಗೆ ಮುಂಚೆಯೇ ಬಂದು ಉಳಿಯಲು ಏರ್ಪಾಡು ಮಾಡಿ, ಆ ಎರಡೂ ಚುಚ್ಚುಮದ್ದು ಅಲ್ಲಿ ಸಿಗುತ್ತವೆಯೇ ಅಂತ ಈಗಲೇ ಕೇಳಿಡಿ.

ಅಳು, ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ. ಗರ್ಭಿಣಿಯರ ಖಿನ್ನತೆಗೂ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.